ನಾಲ್ಕು ಅಂಕ ಇಳಿಸಿದ ವೆಂಡಲ್

ಅಭಿಪ್ರಾಯವಿಲ್ಲದ ಮನುಷ್ಯನೊಬ್ಬ ಊರಿಗೆ ಎಷ್ಟು ಅಗತ್ಯ ಎಂಬುದು ಅವನಿಗೆ ಒಂದು ಅಭಿಪ್ರಾಯ ಬಂದ ಮೇಲೇ ಗೊತ್ತಾಗುವುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಮೂಲೆಯಲ್ಲಿರುವ ನಮ್ಮ ಬಿಟರ್ನ್ ಊರಿಗೆ ಅಂಥ ಮನುಷ್ಯನೆಂದರೆ ವೆಂಡಲ್ ಕ್ರೂಸ. ಮೂವತ್ತು ವರ್ಷ ಕೌಂಟಿಯ, ಅಂದರೆ ಜಿಲ್ಲೆಯ, ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಹಿಮವನ್ನು ಎಡಕ್ಕೂ ತಳ್ಳಿದ್ದಾನೆ, ಬಲಕ್ಕೂ ತಳ್ಳಿದ್ದಾನೆ, ತಾನು ಮಾತ್ರ ರಸ್ತೆಯ ನಡುವೆಯೇ ಹೋಗಿದ್ದಾನೆ. ನಾನು ಈ ಊರಿನ ಕ್ಷೌರಿಕ. ನನ್ನ ಕುರ್ಚಿಯಲ್ಲಿ ಕೂತವರೆಲ್ಲ ದೇಶದ ಅಧ್ಯಕ್ಷರ ಬಗ್ಗೆ ಒಂದಲ್ಲ ಒಂದು ಮಾತಾಡುತ್ತಾರೆ; ಹೊಗಳಿದರೂ ಬೈದರೂ ವೆಂಡಲ್ ಕೋಲೆಬಸವನ ಹಾಗೆ ತಲೆಯಾಡಿಸುತ್ತಾನೆ. ಕತ್ತರಿ ಹಿಡಿದವನಿಗೆ ಈ ತಲೆಯಾಡಿಸುವವರ ಕಾಟ ಎಂಥದೆಂದು ಹೇಳಿ ಪ್ರಯೋಜನವಿಲ್ಲ.

ಅವನ ಮನೆಯ ಅಭಿಪ್ರಾಯವೆಲ್ಲ ಅಣ್ಣ ಲೆಸ್ಟರ್‌ನ ಹತ್ತಿರ ಇತ್ತು. ಇಬ್ಬರೂ ಮದುವೆಯಾಗದವರು, ಒಂದೇ ಮನೆ, ಒಂದೇ ಒಲೆ. ಲೆಸ್ಟರ್ ಅಧ್ಯಕ್ಷರ ಪರಮಭಕ್ತ. ಅಂಗಳದಲ್ಲಿ ಅಧ್ಯಕ್ಷರ ಹೆಸರಿನ ಫಲಕ ಎಷ್ಟು ದೊಡ್ಡದಿತ್ತೆಂದರೆ ಅದರ ಹಿಂದೆ ಮನೆ ಇದೆಯೆಂದು ಹೊಸಬರಿಗೆ ಹೇಳಬೇಕಾಗುತ್ತಿತ್ತು. ಆದರೂ ಊರಿಗೆ ಬೇಕಾದವನು. ಯಾರೇ ಸತ್ತರೂ, ಯಾವ ಪಕ್ಷದವರೇ ಸತ್ತರೂ, ಶವಪೆಟ್ಟಿಗೆ ಹಿಡಿಯುವ ಆರು ಜನರಲ್ಲಿ ಲೆಸ್ಟರ್ ಇರುತ್ತಿದ್ದ. ಸತ್ತ ಮೇಲೆ ಯಾರೂ ಭಾರವಲ್ಲ ಎನ್ನುತ್ತಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಲೆಸ್ಟರ್ ಎದೆ ಹಿಡಿದುಕೊಂಡು ಕೆಳಗೆ ಕೂತ. ಆಂಬುಲೆನ್ಸ್ ಬಂದು ಅವನನ್ನು ಎತ್ತಿಕೊಂಡು ಹೋಯಿತು. ಜೊತೆಗೆ ಹೋಗಬೇಕೆಂದು ವೆಂಡಲ್ ಬೂಟು ಹುಡುಕುತ್ತಿದ್ದ. ಎಡಗಾಲಿನದು ಸಿಕ್ಕಿತು, ಬಲಗಾಲಿನದು ಸಿಗಲಿಲ್ಲ. ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು.

"ಹಲೋ, ಆಸ್ಪತ್ರೆನಾ? ಬದುಕಿದಾನಾ?"

"ಆಸ್ಪತ್ರೆ ಅಲ್ಲ ಸರ್, ನಾವು ಜನಾಭಿಪ್ರಾಯ ಸಮೀಕ್ಷೆಯವರು," ಎಂದಿತು ಒಂದು ಹುಡುಗಿಯ ದನಿ. "ಈಗ ಮನೇಲಿರೋ ಗಂಡಸರಲ್ಲಿ ಎಲ್ಲರಿಗಿಂತ ಚಿಕ್ಕವರ ಹತ್ರ ಮಾತಾಡಬಹುದಾ?"

ವೆಂಡಲ್‌ಗೆ ಆಗ ಅರವತ್ತೊಂಬತ್ತು. ಅವನು ಸುತ್ತ ಒಮ್ಮೆ ನೋಡಿದನಂತೆ. "ನಾನೇ ಕಣಮ್ಮ ಚಿಕ್ಕೋನು. ದೊಡ್ಡೋನನ್ನ ಈಗಷ್ಟೇ ಎತ್ಕೊಂಡು ಹೋದ್ರು."

ಹುಡುಗಿ ಬರೆದುಕೊಟ್ಟ ಪ್ರಶ್ನೆ ಬಿಟ್ಟು ಬೇರೆ ಮಾತಾಡುವ ಹಾಗಿರಲಿಲ್ಲವೇನೋ. "ದೇಶ ಸರಿ ದಾರೀಲಿ ಹೋಗ್ತಾ ಇದೆ ಅನ್ಸತ್ತಾ ಸರ್, ತಪ್ಪು ದಾರೀಲಾ?"

ಕಿಟಕಿಯಾಚೆ ಆಂಬುಲೆನ್ಸಿನ ಚಕ್ರದ ಗುರುತು ಹಿಮದಲ್ಲಿ ಕಾಣುತ್ತಿತ್ತು. "ತಪ್ಪು ದಾರಿ. ಎಲ್ಲಾ ತಪ್ಪು ದಾರಿ," ಎಂದ ವೆಂಡಲ್.

"ಅಧ್ಯಕ್ಷರು ಕೆಲಸ ಮಾಡ್ತಿರೋ ರೀತಿನ ಒಪ್ತೀರಾ, ಒಪ್ಪಲ್ವಾ?"

"ಏನಂದ್ರೆ ನೀನು ಬೇಗ ಫೋನ್ ಇಡ್ತೀಯ?"

"ಅದನ್ನ ನಾನು ಹೇಳೋ ಹಾಗಿಲ್ಲ ಸರ್."

"ಹಾಗಾದ್ರೆ ಒಪ್ಪಲ್ಲ."

"ಸ್ವಲ್ಪ ಒಪ್ಪಲ್ವಾ, ಬಲವಾಗಿ ಒಪ್ಪಲ್ವಾ?"

"ಅಯ್ಯೋ ತಾಯಿ, ಬಲವಾಗಿ! ಫೋನ್ ಬಿಡಮ್ಮ, ಆಸ್ಪತ್ರೆಯವರು ಮಾಡ್ತಾರೆ!"

"ನಿಮ್ಮ ಅಭಿಪ್ರಾಯಕ್ಕೆ ತುಂಬಾ ಧನ್ಯವಾದ ಸರ್," ಎಂದು ಹುಡುಗಿ ಇಟ್ಟಳು. ವೆಂಡಲ್ ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಲೆಸ್ಟರ್‌ನ ಚಪ್ಪಲಿ ಹಾಕಿಕೊಂಡು ಪಿಕಪ್ ಓಡಿಸಿಕೊಂಡು ಹೋದ.

ಲೆಸ್ಟರ್ ಅವತ್ತು ಸಾಯಲಿಲ್ಲ. ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ. ಮಾರನೆಯ ದಿನ ನನ್ನ ಅಂಗಡಿಗೆ ಬಂದ ವೆಂಡಲ್‌ನ ಮುಖದಲ್ಲಿ ದುಃಖದ ಜೊತೆಗೆ ಇನ್ನೊಂದೇನೋ ಇತ್ತು. ಹುಟ್ಟಿದಾಗಿನಿಂದ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಕೇಳಿ ಧನ್ಯವಾದ ಹೇಳುವುದಂತೂ ದೂರವೇ ಉಳಿಯಿತು. ತಡೆದುಕೊಳ್ಳಲಾರದೆ ಅಂದೇಬಿಟ್ಟ:

"ಇಡೀ ರಾಜ್ಯದಲ್ಲಿ ಎಂಟುನೂರು ಜನಕ್ಕೆ ಕೇಳ್ತಾರಂತೆ. ಅದರಲ್ಲಿ ನಾನೊಬ್ಬ."

ಸರದಿಗೆ ಕಾಯುತ್ತಿದ್ದ ರೋಲಿ ಪತ್ರಿಕೆ ಕೆಳಗಿಟ್ಟ. ರೋಲಿ ಎಂದರೆ ಲೆಸ್ಟರ್‌ನ ಜೀವದ ಗೆಳೆಯ, ಶುಕ್ರವಾರದ ಇಸ್ಪೀಟಿನಲ್ಲಿ ನಲವತ್ತು ವರ್ಷ ಅವನ ಜೊತೆಗಾರ. ಹಾಲಿನ ಬೆಲೆ ಬಿದ್ದು ಹೋದ ಶರತ್ಕಾಲದಲ್ಲಿ ಕೊನೆಯ ಹಸುಗಳನ್ನೂ ಮಾರಿ ಕೊಟ್ಟಿಗೆ ಖಾಲಿ ಮಾಡಿದ್ದ. ಆ ವಿಷಯ ಎತ್ತಿದರೆ ಹವಾಮಾನದ ಮಾತಾಡುತ್ತಿದ್ದ.

"ನಿಂಗ್ಯಾಕೋ ಕೇಳಿದ್ರು? ಏನಂದೆ?"

"ಗುಟ್ಟು ಕಣೋ. ಹೇಳಬಾರದು," ಎಂದ ವೆಂಡಲ್, ಹೇಳಬಾರದೆಂದು ಯಾರೂ ಹೇಳಿರದಿದ್ದರೂ.

ಒಂದು ವಾರ ಅವನದೇ ದರ್ಬಾರು. ಡೆಲೋರಿಸ್ ತನ್ನ ಬಾರಿನಲ್ಲಿ ಅವನಿಗೆ ಸೇಬಿನ ಪೈ ದೊಡ್ಡದಾಗಿ ಕತ್ತರಿಸಿ ಕೊಟ್ಟಳು. ಹಿಂದಿನಿಂದ "ರಾಜ್ಯದ ಪ್ರತಿನಿಧಿ" ಎಂದರೂ ಎದುರಿಗೆ ಮಾತ್ರ ಜನ ಅವನಿಗೆ ಕುರ್ಚಿ ಎಳೆದುಕೊಟ್ಟರು.

ಬಂತು ಶುಕ್ರವಾರ. ಈಸ್ಟರಿಗೆ ಮುಂಚಿನ ಲೆಂಟ್ ವ್ರತದಲ್ಲಿ ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವುದು ವಾಡಿಕೆ; ಮೀನೂಟಕ್ಕೆ ಬಾರು ತುಂಬಿತ್ತು. ಟಿವಿಯವನು ಟೈ ಸರಿಮಾಡಿಕೊಂಡು ಹೇಳಿದ: ರಾಜ್ಯದಲ್ಲಿ ಅಧ್ಯಕ್ಷರನ್ನು ಒಪ್ಪುವವರ ಪ್ರಮಾಣ ಒಂದೇ ತಿಂಗಳಲ್ಲಿ ನೂರಕ್ಕೆ ನಾಲ್ಕು ಅಂಕ ಕುಸಿದಿದೆ, ಎಲ್ಲಕ್ಕಿಂತ ಹೆಚ್ಚು ಇಳಿದಿರುವುದು ಉತ್ತರದ ಕೌಂಟಿಗಳ ಅರವತ್ತೈದು ದಾಟಿದ ಗಂಡಸರಲ್ಲಿ. ಬಾರಿನಲ್ಲಿದ್ದ ಗಂಡಸರೆಲ್ಲ ಅರವತ್ತೈದು ದಾಟಿದವರೇ. ಆದರೆ ಫೋನ್ ಬಂದಿದೆ ಎಂದು ಊರೆಲ್ಲ ಸಾರಿಕೊಂಡು ಬಂದಿದ್ದವನು ಒಬ್ಬನೇ. ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. ಇಷ್ಟು ಸಣ್ಣ ಏರಿಳಿತ ಲೆಕ್ಕದ ತಪ್ಪೂ ಇರಬಹುದು ಎಂದು ಟಿವಿಯವನು ಕೊನೆಗೆ ಅಂದ. ಆದರೆ ಅಷ್ಟರಲ್ಲಿ ರೋಲಿ ಕೂಗಾಡುತ್ತಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ.

"ಲೋ ವೆಂಡಲ್! ಏನಂದೆ ನೀನು ಆ ಫೋನಿಗೆ?"

ಸುಳ್ಳು ಹೇಳುವ ಅಭ್ಯಾಸವಿದ್ದಿದ್ದರೆ ವೆಂಡಲ್ ಅವತ್ತೇ ಬದುಕಿಕೊಳ್ಳುತ್ತಿದ್ದ. "ಬಲವಾಗಿ ಒಪ್ಪಲ್ಲ ಅಂದೆ," ಎಂದ, ಬಾಯಲ್ಲಿ ಮೀನು ಇಟ್ಟುಕೊಂಡೇ.

"ಬಲವಾಗಿ! ಕೇಳಿಸ್ಕೊಂಡ್ರಾ? ಅಣ್ಣ ಅಲ್ಲಿ ಆಸ್ಪತ್ರೇಲಿ ಮಲಗಿದಾನೆ, ತಮ್ಮ ಇಲ್ಲಿ ಬೆನ್ನಿಗೆ ಚೂರಿ ಹಾಕ್ತಾನೆ! ಥೂ ನಿನ್ನ!"

"ಫೋನ್ ಬಿಡಿಸ್ಕೊಳ್ಳೋಕೆ ಹಾಗಂದೆ ಕಣೋ..."

"ಒಪ್ತೀನಿ ಅಂದಿದ್ರೆ ಫೋನ್ ಕಚ್ತಿತ್ತಾ?"

ಡೆಲೋರಿಸ್ ಬಂದು ವೆಂಡಲ್‌ನ ಮುಂದಿದ್ದ ಸಾಸಿನ ಬಟ್ಟಲನ್ನು ಎತ್ತಿಕೊಂಡು ಹೋದಳು. ನಮ್ಮ ಕಡೆ ಮೀನಿನ ಪಕ್ಕದಿಂದ ಸಾಸು ಎತ್ತಿಕೊಂಡು ಹೋದರೆ ಬಹಿಷ್ಕಾರ ಹಾಕಿದಂತೆಯೇ.

ಮಾರನೆಯ ದಿನ ಗೇಲಾರ್ಡ್ ಬ್ರೆಟ್ಸ್ ಅವನ ಮನೆಗೆ ಬಂದರು. ಅವರು ಕೌಂಟಿಯಲ್ಲಿ ಅಧ್ಯಕ್ಷರ ಪಕ್ಷದ ಮುಖ್ಯಸ್ಥರು, ವೃತ್ತಿಯಿಂದ ಕಿವಿಯ ಯಂತ್ರ ಮಾರುವವರು. ಬೇರೆಯವರ ಮಾತು ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಅವರಿಗಿಲ್ಲ.

"ವಾಪಸ್ ತಗೊಳ್ಳಿ," ಎಂದರು ಬಾಗಿಲಲ್ಲೇ.

"ಏನನ್ನ?"

"ನಾಲ್ಕು ಅಂಕ. ಈಗಲೇ ಫೋನ್ ಮಾಡಿ. ನನ್ನೆದುರಿಗೇ."

ವೆಂಡಲ್ ಮಾಡಿದ. ಆ ಕಡೆಯವಳು ಬಹಳ ಮರ್ಯಾದೆಯಿಂದ ಹೇಳಿದಳು: ಹೇಳಿದ್ದು ಹೇಳಿದ್ದೇ, ಬದಲಾಯಿಸಲು ಬರುವುದಿಲ್ಲ. "ಹಾಗಾದ್ರೆ ಮುಂದಿನ ತಿಂಗಳು ನಂಗೇ ಮಾಡಮ್ಮ, ಬಲವಾಗಿ ಒಪ್ತೀನಿ ಅಂತೀನಿ," ಎಂದು ವೆಂಡಲ್ ಅಂಗಲಾಚಿದ. ಮುಂದಿನ ತಿಂಗಳು ಬೇರೆ ಎಂಟುನೂರು ಜನ ಸರ್, ಎಂದಳು ಅವಳು. ಆಡಿದ ಮಾತು, ಒಡೆದ ಮುತ್ತು. ಬ್ರೆಟ್ಸ್ ಅವರು ಬಾಗಿಲು ಧಡಾರೆಂದು ಹಾಕಿಕೊಂಡು ಹೋದರು.

ಅವರ ಕಾರು ತಿರುವು ದಾಟಿತೋ ಇಲ್ಲವೋ, ಆರ್ಡಿತ್ ಬಂದಳು. ಪ್ರೌಢಶಾಲೆಯಲ್ಲಿ ಊರಿಗೆಲ್ಲ ಲೆಕ್ಕ ಕಲಿಸಿದವಳು, ಗಂಡ ಕರ್ಟ್‌ನನ್ನು ಬಿಟ್ಟರೆ ಬಿಟರ್ನಿನಲ್ಲಿ ಎದುರು ಪಕ್ಷವೆಂದರೆ ಅವಳೇ. ಕೈಯಲ್ಲಿ ಮಾಂಸ, ಆಲೂಗೆಡ್ಡೆ ಹಾಕಿ ಬೇಯಿಸಿದ ದೊಡ್ಡ ತಟ್ಟೆ. ಕಣ್ಣಲ್ಲಿ ನೀರು.

"ಇಪ್ಪತ್ತು ವರ್ಷದಿಂದ ಈ ಊರಲ್ಲಿ ನಾವಿಬ್ಬರೇ ಇದ್ವಿ ವೆಂಡಲ್. ಈಗ ಮೂವರಾದ್ವಿ!"

"ನಾನು ಹಾಗಲ್ಲ ಆರ್ಡಿತ್... ನಂಗೇನೂ..."

"ನಾಚ್ಕೋಬೇಡಿ. ಬಿಸಿ ಇದ್ದಾಗಲೇ ತಿನ್ನಿ."

ಲೆಸ್ಟರ್ ಆಸ್ಪತ್ರೆ ಸೇರಿದಾಗಿನಿಂದ ಆ ಮನೆಯಲ್ಲಿ ಬಿಸಿ ಊಟ ಕಂಡಿರಲಿಲ್ಲ. ವೆಂಡಲ್ ತಿಂದ. ಅವನು ತಿನ್ನುವಷ್ಟರಲ್ಲಿ ಅವಳು ಅಂಗಳಕ್ಕೆ ಹೋಗಿ ಲೆಸ್ಟರ್‌ನ ಫಲಕದ ಪಕ್ಕದಲ್ಲೇ ತನ್ನದೊಂದು ಪುಟ್ಟ ಫಲಕ ಹಿಮದಲ್ಲಿ ನೆಟ್ಟಳು. ಕಿತ್ತು ಹಾಕೋಣವೆಂದರೆ ಅವಳ ಊಟ ಹೊಟ್ಟೆಯಲ್ಲಿದೆ. ಹಾಗೇ ಬಿಟ್ಟ. ರಸ್ತೆಯಲ್ಲಿ ಹೋಗುವವರೆಲ್ಲ ಪಿಕಪ್ ನಿಧಾನ ಮಾಡಿ ಎರಡೂ ಫಲಕ ನೋಡಿ ಹಾರ್ನು ಹೊಡೆದರು. ಅತ್ತ ದರಿ, ಇತ್ತ ಪುಲಿ. ನಡುವೆ ವೆಂಡಲ್, ಕಿಟಕಿಯ ಪರದೆ ಎಳೆದುಕೊಂಡು ಕೂತ.

ಆಸ್ಪತ್ರೆಯಲ್ಲಿ ಲೆಸ್ಟರ್ ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಟಿವಿ ನೋಡುತ್ತಿದ್ದ. ಊರಿನ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಅಷ್ಟರಮಟ್ಟಿಗೆ ನಮ್ಮವರಿಗೂ ಮಾನವಿತ್ತು.

"ಯಾವನೋ ನಮ್ಮೋನೇ ಕೈ ಕೊಟ್ಟಿದಾನೆ ಕಣೋ," ಎಂದ ಲೆಸ್ಟರ್, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತ. "ಯಾರು ಅಂತ ಗೊತ್ತಾದ್ರೆ ಹೇಳು. ಎದ್ದು ಬಂದು ಒದೀತೀನಿ."

"ನೀನು ಮೊದ್ಲು ಎದ್ದು ಬಾರಪ್ಪ," ಎಂದ ವೆಂಡಲ್. "ಆಮೇಲೆ ಹೇಳ್ತೀನಿ. ಎಷ್ಟು ಬೇಕಾದ್ರೂ ಒದಿ."

ಲೆಸ್ಟರ್ ಎದ್ದು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ತೀರಿಕೊಂಡ.

ಸುದ್ದಿ ಮುಟ್ಟಿದ ಅರ್ಧ ಗಂಟೆಯೊಳಗೆ ಊರು ಕಾರಣ ಹುಡುಕಿತು: ಹೃದಯವಲ್ಲ, ನಾಲ್ಕು ಅಂಕ. ವೈದ್ಯರು ಬರೆದುಕೊಟ್ಟದ್ದು ಬೇರೆ. ಆದರೆ ವೈದ್ಯರು ಹೊರಗಿನವರು, ಅವರಿಗೇನು ಗೊತ್ತು?

ಊರಿನ ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವ ಹೆಲ್ಮರ್ ವೆಂಡಲ್‌ನನ್ನು ಕೂರಿಸಿಕೊಂಡು ಹೇಳಿದ: "ಹಿಡಿಯೋಕೆ ಆರು ಜನ ಬೇಕು. ಒಡಹುಟ್ಟಿದೋರು ಹಿಡಿಯೋದು ನಮ್ಮಲ್ಲಿ ಪದ್ಧತಿ ಇಲ್ಲ, ಗೊತ್ತಲ್ಲ. ಚರ್ಚಿನ ಮೆಟ್ಟಿಲ ಮೇಲೆ ಮಂಜು ಗಟ್ಟಿಯಾಗಿದೆ, ಪೆಟ್ಟಿಗೆ ತಳ್ಳೋ ಗಾಲಿ ನಿಲ್ಲಲ್ಲ. ಲೆಸ್ಟರ್ ಬೇರೆ ಕಡಿಮೆ ತೂಕದ ಆಳಲ್ಲ. ಗಟ್ಟಿ ಜನಾನೇ ನೋಡು."

ಸಾಯಂಕಾಲ ವೆಂಡಲ್ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಅತ್ತ. ಬಟ್ಟೆ ಹೊದಿಸಿದೆ. "ಊರಲ್ಲಿ ಸತ್ತೋರನ್ನೆಲ್ಲ ಹೊತ್ತೋನು ಅವನು," ಎಂದ. "ಅವನನ್ನ ಹೊರೋಕೆ ಆರು ಜನ ಸಿಗಲಿಲ್ಲ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ಆ ಮನೇಲಿರ್ಲಿ? ನನ್ನ ಬಾಯಿಂದ ಆಯ್ತಲ್ಲ ಇದು. ಅರವತ್ತೊಂಬತ್ತು ವರ್ಷ ಸುಮ್ನಿದ್ದೋನು ಇನ್ನೊಂದು ದಿನ ಸುಮ್ನಿರಬಾರದಾಗಿತ್ತಾ?"

"ನಾನು ಹಿಡೀತೀನಿ, ಒಂದಾಯ್ತು. ಏಳು, ಮಿಕ್ಕೋರನ್ನ ಕೇಳು," ಎಂದೆ.

ಮನೆ ಮನೆ ತಿರುಗಿದ. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಭುಜ ನೋವು. ಆ ವಾರ ಬಿಟರ್ನಿನಲ್ಲಿ ನೆಟ್ಟಗಿದ್ದ ಗಂಡಸೇ ಇರಲಿಲ್ಲ. ರೋಲಿ ಮಾತ್ರ ನೋವಿನ ನೆಪ ಹೇಳಲಿಲ್ಲ.

"ಲೆಸ್ಟರ್‌ನ ಹೊರೋಕೆ ನಂಗೇನೂ ಇಲ್ಲ," ಎಂದ ಬಾಗಿಲು ಅರ್ಧ ತೆರೆದು. "ಆದ್ರೆ ನೀನು ಬಂದು ಕರೆದ್ಯಲ್ಲ, ಅದಕ್ಕೆ ಬರಲ್ಲ."

"ಹಾಗಾದ್ರೆ ನಾನು ಕರೆದಿಲ್ಲ ಅಂದ್ಕೋ."

"ಹೋಗೋ, ಚಳಿ ಒಳಗೆ ಬರ್ತಿದೆ."

ದಾರಿ ಕಾಣದೆ ವೆಂಡಲ್ ಆರ್ಡಿತ್‌ಳ ಮನೆ ಬಾಗಿಲು ತಟ್ಟಿದ. ಕರ್ಟ್ ಆಗಲೆಂದ. "ನಾನೂ ಹಿಡೀತೀನಿ," ಎಂದಳು ಆರ್ಡಿತ್, "ಹೆಂಗಸರು ಹಿಡೀಬಾರದು ಅಂತ ಯಾವ ಕಾನೂನಿದೆ?" ಎದುರು ಪಕ್ಷ ಪೂರ್ತಿ ಬಂದರೂ ಎರಡೇ ತಲೆ. ನನ್ನದೂ ಸೇರಿ ಮೂರು.

ಆದರೆ ಊರಿನ ರಾಜಕೀಯವನ್ನು ಯಾರು ಕಂಡಿದ್ದಾರೆ! ಆರ್ಡಿತ್ ಶವಪೆಟ್ಟಿಗೆಗೆ ಕೈ ಹಾಕುತ್ತಾಳೆಂಬ ಸುದ್ದಿ ಬ್ರೆಟ್ಸ್ ಅವರಿಗೆ ಮುಟ್ಟಿದ್ದೇ ತಡ, ಎದ್ದು ನಿಂತರು. "ಲೆಸ್ಟರ್‌ನ ಅವರ ಕೈಗೆ ಬಿಟ್ಟುಕೊಡೋದಾ? ನಮ್ಮ ಹೆಣದ ಮೇಲೆ ಹಾದು ಹೋಗಬೇಕು!" ಎಂದರು. ಗುರುವಾರ ಹೊತ್ತಿಗೆ ಅವರು, ರೋಲಿ ಮತ್ತು ಡೆಲೋರಿಸ್‌ಳ ಗಂಡ ವರ್ನ್ ಮೂವರೂ ಸಿದ್ಧ. ಸೊಂಟ, ಭುಜ ಎಲ್ಲ ವಾಸಿಯಾಗಿತ್ತು. ಈ ಕಡೆ ಮೂರು, ಆ ಕಡೆ ಮೂರು. ಯಾವ ಪಕ್ಷಕ್ಕೂ ಸೇರದ ನನ್ನನ್ನು ಆರ್ಡಿತ್‌ಳ ಕಡೆಗೆ ಲೆಕ್ಕ ಹಾಕಿದರು. ನನ್ನ ಗಿರಾಕಿಗಳು ಅರ್ಧ ಹೋದದ್ದು ಹಾಗೆ.

ಶನಿವಾರ ಪ್ರಾರ್ಥನೆ ಮುಗಿಯಿತು. ಚರ್ಚಿನ ಬಾಗಿಲ ಪಕ್ಕದ ಕೋಣೆಯಲ್ಲಿ ಆರು ಜನ ಪೆಟ್ಟಿಗೆಯ ಎರಡೂ ಕಡೆ ನಿಂತೆವು. ಹೊರಗೆ ಶವದ ಗಾಡಿಯ ಎಂಜಿನ್ ಗುರುಗುಡುತ್ತಿತ್ತು. ವೆಂಡಲ್ ಹಿಂದೆ ಗೋಡೆಗೆ ಒರಗಿ ನಮ್ಮ ಆರು ತಲೆಗಳನ್ನು ನೋಡುತ್ತಿದ್ದ. ಒಂದು ವಾರದಿಂದ ಅವನ ಮುಖದಲ್ಲಿ ಅಷ್ಟು ನೆಮ್ಮದಿ ಕಂಡಿರಲಿಲ್ಲ. ಹಿಡಿದು ಎತ್ತಿದ್ದರೆ ಆಗುತ್ತಿತ್ತು. ಆದರೆ ಬ್ರೆಟ್ಸ್ ಅವರು ಸುಮ್ಮನಿರುವ ಜಾತಿಯವರಲ್ಲ.

"ಒಬ್ಬನ ನಾಲಿಗೆಯಿಂದ ಅಧ್ಯಕ್ಷರಿಗೆ ನಾಲ್ಕು ಅಂಕ ಹೋಯ್ತು, ನಮಗೆ ಲೆಸ್ಟರ್ ಹೋದ," ಎಂದರು, ಪೆಟ್ಟಿಗೆಗೆ ಹೇಳುವವರಂತೆ.

ಆರ್ಡಿತ್ ತಲೆ ಎತ್ತಿದಳು. ಮೂವತ್ತು ವರ್ಷ ಲೆಕ್ಕ ಕಲಿಸಿದವಳ ಎದುರಿಗೆ ತಪ್ಪು ಲೆಕ್ಕ ಹೇಳಬಾರದು.

"ಒಬ್ಬನಿಂದ ನಾಲ್ಕು ಅಂಕ ಇಳಿಯತ್ತೇನ್ರೀ ಗೇಲಾರ್ಡ್? ಶಾಲೇಲಿ ನಾನು ನಿಮಗೆ ಪಾಠ ಮಾಡಿದ್ದು ವ್ಯರ್ಥ ಆಯ್ತು. ನೂರಕ್ಕೆ ನಾಲ್ಕು ಅಂದ್ರೆ ಎಂಟುನೂರಕ್ಕೆ ಮೂವತ್ತೆರಡು ಜನ. ಅದೂ ಹೆಚ್ಚಿನಂಶ ಈ ಕಡೆಯ ಮುದುಕರೇ ಅಂತ ಅವರೇ ಹೇಳಿದಾರೆ. ವೆಂಡಲ್ ಒಬ್ಬ. ಮಿಕ್ಕ ಮೂವತ್ತೊಂದು ಜನ ಯಾರು, ಸ್ವಲ್ಪ ಸುತ್ತ ನೋಡಿ."

ಒಂದು ವಾರದಿಂದ ಇಡೀ ಊರಿನಲ್ಲಿ ಒಬ್ಬರೂ ಮಾಡದ ಲೆಕ್ಕ ಅದು. ಬ್ರೆಟ್ಸ್ ವರ್ನ್‌ನನ್ನು ನೋಡಿದರು. ವರ್ನ್ ರೋಲಿಯನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ರೋಲಿಯ ಕೈ ಪೆಟ್ಟಿಗೆಯ ಹಿಡಿಯನ್ನು ಬಿಟ್ಟು ತನ್ನ ಕಾಲರಿಗೆ ಹೋಯಿತು.

"ರೋಲಿ, ನಿಮ್ಮನೇಲೂ ಗೋಡೆ ಫೋನ್ ಇನ್ನೂ ಇದೆಯಲ್ವಾ?" ಎಂದ ವರ್ನ್ ಮೆಲ್ಲಗೆ.

"ಇದ್ರೆ? ನಿನ್ನ ಬಾರಲ್ಲೂ ಇದೆ!"

"ನಿನ್ನ ಹಸು ಹೋದ ಮೇಲೆ ನೀನು ಒಂಥರಾ ಇದ್ದೀಯ..."

"ಹಸು ಸುದ್ದಿ ಎತ್ತಬೇಡ!" ರೋಲಿಯ ದನಿ ಒಡೆಯಿತು. ಕಿವಿಯವರೆಗೆ ಕೆಂಪಾಗಿದ್ದ.

"ಯಾರು ಅಂತ ಇವತ್ತು ತಿಳೀಲೇಬೇಕು," ಎಂದರು ಬ್ರೆಟ್ಸ್, ಕೈ ಹಿಂದಕ್ಕೆ ತೆಗೆದುಕೊಂಡು. "ಮೋಸಗಾರನ ಪಕ್ಕ ನಿಂತು ನಾನು ಹೊರಲ್ಲ." ವರ್ನ್ ಕೂಡ ಕೈ ತೆಗೆದ. ಹೆಲ್ಮರ್ ಗಡಿಯಾರ ನೋಡಿಕೊಂಡು ಕೆಮ್ಮಿದ. ಈ ಕಡೆ ಮೂರು ಹಿಡಿಗೂ ಕೈ ಇತ್ತು, ಆ ಕಡೆ ಮೂರು ಹಿಡಿಯೂ ಖಾಲಿ. ಲೆಸ್ಟರ್ ನಮ್ಮ ನಡುವೆ ಸುಮ್ಮನೆ ಮಲಗಿದ್ದ.

ವೆಂಡಲ್ ಗೋಡೆ ಬಿಟ್ಟು ಮುಂದೆ ಬಂದ. ರೋಲಿಯ ಮುಖವನ್ನು ಒಂದು ಗಳಿಗೆ ನೋಡಿದ. ಖಾಲಿ ಹಿಡಿಗಳನ್ನು ನೋಡಿದ.

"ಎಲ್ಲಾ ನಾನೇ," ಎಂದ.

"ಏನು ನೀನೇ?"

"ಅವರು ಒಂದೇ ಸಲ ಅಲ್ಲ ಫೋನ್ ಮಾಡಿದ್ದು. ದಿನಾ ಮಾಡೋರು. ಬೇರೆ ಬೇರೆ ಹೆಸರಿಗೆ. ದಿನಾ ನಾನೇ ಎತ್ತೋದು. ದನಿ ಬದಲಾಯಿಸಿ ಬಲವಾಗಿ ಒಪ್ಪಲ್ಲ ಅಂತಿದ್ದೆ. ಒಂದು ಸಲ ನೆಗಡಿ ಬಂದೋನ ಹಾಗೆ ಹೇಳಿದೆ. ಒಂದು ಸಲ ಹೆಂಗಸಿನ ದನೀಲೂ ಹೇಳಿದೆ."

"ಮೂವತ್ತೆರಡು ಸಲಾನಾ?" ಎಂದರು ಬ್ರೆಟ್ಸ್.

"ಎಣಿಸಲಿಲ್ಲ. ಇರಬಹುದು. ಲೆಸ್ಟರ್ ಇಲ್ಲದೆ ಹೊತ್ತು ಹೋಗ್ತಿರಲಿಲ್ಲ."

ಇಂಥ ಸುಳ್ಳನ್ನು ನಂಬುವವರು ಭೂಮಿಯ ಮೇಲೆ ಇರಬಹುದೇ ಎಂದುಕೊಂಡೆ. ಇದ್ದರು, ನನ್ನೆದುರಿಗೇ ಮೂವರಿದ್ದರು. ಆರ್ಡಿತ್ ಬಾಯಿ ತೆರೆದಳು.

"ಬೇಡಿ ಆರ್ಡಿತ್," ಎಂದ ವೆಂಡಲ್. "ನಿಮ್ಮ ಲೆಕ್ಕ ಸರಿ ಇರಬಹುದು. ಅವನನ್ನ ಎತ್ತಲಿ, ಬಿಡಿ."

ಆರ್ಡಿತ್ ಬಾಯಿ ಮುಚ್ಚಿದಳು. ಅವಳ ಆಯುಷ್ಯದಲ್ಲಿ ಅದೊಂದೇ ಸಲವಿರಬೇಕು.

"ನಂಗೆ ಮೊದಲೇ ಗೊತ್ತಿತ್ತು," ಎಂದು ಬ್ರೆಟ್ಸ್ ನಿಟ್ಟುಸಿರು ಬಿಟ್ಟರು. "ನಮ್ಮ ಜನ ಹಾಗಲ್ಲ. ಇದೆಲ್ಲ ಇವನೊಬ್ಬನದೇ ಕೆಲಸ. ಹಿಡೀರಪ್ಪ." ವರ್ನ್‌ನ ಮುಖಕ್ಕೆ ರಕ್ತ ಮರಳಿ ಬಂತು. ಕೈಗಳು ಹಿಡಿಗಳಿಗೆ ಬಂದವು. ರೋಲಿಯ ಕೈ ಎಲ್ಲರಿಗಿಂತ ಕೊನೆಗೆ ಬಂತು. ಹೆಲ್ಮರ್ ಎಣಿಸಿದ, ಲೆಸ್ಟರ್ ಮೇಲೆದ್ದ.

ಮೆಟ್ಟಿಲ ಮೇಲೆ ಒಬ್ಬರ ಕಾಲೂ ಜಾರಲಿಲ್ಲ. ಊರೆಲ್ಲ ಎರಡು ಸಾಲಾಗಿ ನಿಂತು ಟೋಪಿ ತೆಗೆದಿತ್ತು. ನಮ್ಮ ಹಿಂದೆ ವೆಂಡಲ್ ಒಬ್ಬನೇ ನಡೆದು ಬಂದ. ಅವನು ಹತ್ತಿರ ಬಂದಾಗ ಜನ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಮುಂದೆ ಹಿಡಿದಿದ್ದ ರೋಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗೆಳೆಯನಿಗಾಗಿ ಅಳುತ್ತಿದ್ದಾನೆಂದು ಊರು ಅವನನ್ನು ಬಹಳ ಮೆಚ್ಚಿಕೊಂಡಿತು.